ಇಲ್ಲದ ಕಾರ್ಡಿನ ಕೆಂಪು

ಸೊಲ್ಲಾಪುರದಾಗ, ಅಕ್ಕಲಕೋಟ ರೋಡಿನ ಮಗ್ಗಗಳು
ರಾತ್ರಿ ಹತ್ತೂವರೆಗೆ ಬಾಯಿ ಮುಚ್ಚತಾವ.
ಆಮ್ಯಾಲ ನನ್ನ ಸಾಳಿ.
ಕಂತಿನಾಗ ಕೊಂಡ ಹಳೆ ಲ್ಯಾಪ್‌ಟಾಪು, ಒಂದು ಗುಂಡಿ ಕಿತ್ತುಹೋದದ್ದು,
ಅದರೊಳಗ ಒಂದ ಒಂದು ಫೈಲು:
ನನ್ನ ವಿಕಿ. ಸ್ವಂತದ್ದು.
ಪೆನ್‌ಡ್ರೈವಿಗೆ ಹಾಕಿದರ ಸೆರಗಿನ ಗಂಟಿನಂಗ ಕೂಡ ಬರತದ.

ಹಗಲಿಗೆ ನಾನು ಜಕಾರ್ಡ್ ಕಾರ್ಡು ಹೊಡಿಯಾಕಿ,
ಇನ್ನೂ ಉಳಿದ ಎರಡು ಮಗ್ಗಕ್ಕ.
ಗ್ರಾಫ್ ಹಾಳಿ ಓದಿ ರಟ್ಟಿನಾಗ ತೂತು.
ತೂತು ಇದ್ದಲ್ಲಿ ಎಳಿ ಏಳತದ, ಇಲ್ಲದಲ್ಲಿ ಕೂಡತದ;
ಇಷ್ಟ ವಿದ್ಯೆ. ಇಷ್ಟರಾಗ ನವಿಲು, ಕಮಲ, ತಾಜಮಹಲು.

ಮೊದಲನೇ ವಾರ ಬಣ್ಣ ಬದಲಿಸೂದು ಕಲತೆ.
ಬಿಳಿ ಹೋಗಿ ಕೋರಾ ನೂಲಿನ ಬಣ್ಣ ಬಂತು.
ಎರಡನೇ ವಾರ ಒಂದು ಬ್ರ್ಯಾಕೆಟ್ಟು ಮುಚ್ಚಲಿಕ್ಕೆ ಮರತೆ.
ಪೂರಾ ಪುಟ ಖಾಲಿ. ಗ್ವಾಡಿ.
ಎದಿ ಧಸ್ ಅಂತು, ಇನ್ನೂರಾ ಎಂಟು ಡಿಜೈನು ಅದರಾಗ.
ನಿನ್ನಿನ ನಕಲು ಇತ್ತು ಅಂತ ಬದುಕಿದೆ.
ಒಂದು ತೂತು ತಪ್ಪಿದರ ನವಿಲಿನ ಕುತ್ತಿಗಿ ಮುರಿತದ, ಗೊತ್ತದ;
ಆದರ ಮುರಕೊಂಡಾದರೂ ನವಿಲು ನಿಂತಿರತದ.
ಇಲ್ಲಿ ನವಿಲೂ ಇಲ್ಲ, ಮಗ್ಗಾನೂ ಇಲ್ಲ.

ನಾ ಹಾಸು ಅಂತೀನಿ. ಬಾಜೂ ಮನಿ ಸ್ರವಂತಿ ಪಡುಗು ಅಂತಾಳ.
ಮುಕಾದಮಗ ಅದು ತಾಣಾ.
ಒಂದ ಕಾರ್ಡಿಗೆ ಮೂರು ಹೆಸರು ಹೊಂದಿಸೂ ಸೂತ್ರ
ಒಂಬತ್ತು ರಾತ್ರಿ ತಿಂತು.
ಈಗ ಯಾವ ಹೆಸರು ಒತ್ತಿದರೂ ಅದ ಬಾಗಿಲ ತೆರೀತದ.
ಮನಿಯವರಿಗೆ ತೋರಿಸಿದೆ.
"ಛಲೋ ಅದ" ಅಂದು ಮಗ್ಗಲ ಬದಲಿಸಿದರು.

ಇನ್ನೂ ಹುಟ್ಟದ ಕಾರ್ಡಿನ ಹೆಸರನ್ನ
ಈ ವಿಕಿ ವಾರೆ ಅಕ್ಷರದಾಗ ತೋರಸತದ.
ಚಾಳೀಸಿನ ಕಣ್ಣಿಗೆ ಅದು ಕಾಣಲಿಲ್ಲ.
ಅದಕ್ಕ ಚಾದರಿನ ಅಂಚಿನ ಕೆಂಪು ಬಳದೆ,
ಒಂದ ಸಾಲಿನಾಗ ಆತು.
ನೋಡಿದರ ಎಲ್ಲಾ ಕಡೆ ಕೆಂಪು.
ನಲವತ್ತೊಂದು ಕಡೆ ಒಂದ ಹೆಸರು.
ಈ ಬಳ್ಳಿ ರಾಮಲು ಮಾಸ್ತರ ತಿರುವಿದ್ದು.
ಈ ಅಂಚು ರಾಮಲು ಮಾಸ್ತರಿಗೆ ಸೇರಲಿಲ್ಲ.
ರಾಮಲು ಮಾಸ್ತರ ಹೇಳಿದಂಗ ಎರಡು ತೂತು ಬಿಟ್ಟೀನಿ.
ಮಾಸ್ತರಿಗೆ ಕಾರ್ಡು ಮಾತ್ರ ಇಲ್ಲ.

ಒತ್ತಿದೆ. ಹೊಸದು ತೆರೀತು,
ಡಿಜೈನಿಗಂತ ನಾನ ಮಾಡಿದ ಅಚ್ಚಿನಾಗ.
ಮನಶ್ಯಾರಿಗೆ ಬ್ಯಾರೆ ಅಚ್ಚು ಮಾಡಬೇಕಿತ್ತು. ಮಾಡಿರಲಿಲ್ಲ.

ಉದ್ದ: ನನ್ನ ಕಿವಿ ತನಕ.
ಅಗಲ: ರಟ್ಟಿನ ಹೊರಿ ಹೊತ್ತು ಬಂದರ ಹೊರಿ ಅಷ್ಟ ಕಾಣತಿತ್ತು.
ಕಾರ್ಡು ಎಷ್ಟು: ಎಣಿಸಿದವರಿಲ್ಲ. ಕಂಪ್ಯೂಟರ್ ಪೆಟಗಿ ಬಂದ ವರ್ಷ
ಕಿಲೋ ಲೆಕ್ಕದಾಗ ರದ್ದಿಗೆ ಹೋದವು.
ಬಣ್ಣ: ಎರಡು. ಹೆಬ್ಬೆರಳಿಗೆ ಸುಣ್ಣ, ಉಳಿದ ನಾಕಕ್ಕ ಎಣ್ಣಿ.
ಗಿರಾಕಿ:

ಇಲ್ಲಿ ಕೈ ನಿಂತು.
ಹದಿನಾರು ವರ್ಷ ಕೂಡ ಕೂತವಳು ಊರು ಯಾವದು ಅಂತ ಕೇಳಿಲ್ಲ.
ತೆಲುಗಿನಾಗ ಬೈತಿದ್ದರು, ಮರಾಠಿಯೊಳಗ ಎಣಿಸತಿದ್ದರು,
ಕಲಿಸುವಾಗ ಅಷ್ಟ ನನ್ನ ಕನ್ನಡಕ್ಕ ಬರತಿದ್ದರು:
"ತೂತು ಹೊಡಿಯೂದು ಸೋಪಾ ಅದವ್ವಾ. ಬಿಡೂದು ಕಲಿ."

ಖಾಲಿ ಬಿಟ್ಟ ಉಳಿಸು ಅಂತ ಒತ್ತಿದೆ.
ನಲವತ್ತೊಂದು ಕಡೆ ಕೆಂಪು ಒಮ್ಮೆಗೆ ಆರಿ
ಸಾದಾ ನೀಲಿ ಆತು.
ಎಲ್ಲಾ ಸರಿಯಾದಂಗ.

ಎದ್ದು ನೀರು ಕುಡದು ಬಂದೆ.
ಗಿರಾಕಿ ಅನ್ನೂದರ ಮುಂದ, ಗುಂಡಿ ಕಿತ್ತಲ್ಲಿ ಬೆರಳು ಒತ್ತಿ ಒತ್ತಿ,
ಇಂದ್ರಾಬಾಯಿ ಹಟಗಾರ ಅಂತ ಬರದೆ.

ಕೆಂಪಗ ಬಂತು.
ಇರಲಿ, ಈಗ ಅದನ್ನ ಒತ್ತೂದಿಲ್ಲ.
ಆರಕ್ಕ ನಳ ಬರತದ, ಮುಂದ ನಾಕು ದಿನ ಇಲ್ಲ.