ಮುಂದಿನ ರೈಲು ಆರು ಹತ್ತಕ್ಕೆ

ಒಂದೇ ಬೋಗಿಯ ರೈಲು ನನ್ನನ್ನಿಳಿಸಿ
ತಿರುಗಿ ನೋಡದೆ ಹೋಯಿತು.
ಹಲಗೆಯ ಮೇಲಿನ ಊರ ಹೆಸರನ್ನು
ಅರ್ಧ ತಿಂದಿತ್ತು ಉಪ್ಪುಗಾಳಿ,
ಉಳಿದರ್ಧ ನನಗೆ ಓದಲು ಬಾರದು.
ದ್ವೀಪಕ್ಕೆ ದೋಣಿ ಇವತ್ತಿಲ್ಲವೆಂದು
ಟಿಕೆಟ್ ಕಿಟಕಿಯ ಹುಡುಗಿ
ಎರಡು ತೋಳು ಕತ್ತರಿ ಹಾಕಿ ತೋರಿಸಿದಳು;
ಆಮೇಲೆ, ಅಲೆ ಎದ್ದದ್ದು ತನ್ನದೇ ತಪ್ಪೆಂಬಂತೆ
ತಲೆ ಬಗ್ಗಿಸಿದಳು.

ಕಳೆಯಬೇಕಿತ್ತು ಎರಡೂ ಮುಕ್ಕಾಲು ಗಂಟೆ.
ಅಂಗಡಿ ಬೀದಿಯಲ್ಲಿ ಹತ್ತಕ್ಕೆ ಏಳು ಬಾಗಿಲು ಮುಚ್ಚಿವೆ.
ತೆರೆದದ್ದು ಒಂದು ಗಾಳದ್ದು, ಒಂದು ಔಷಧದ್ದು,
ಇನ್ನೊಂದರ ಮುಂದೆ ಕೆಂಪು ನೀಲಿ ಪಟ್ಟೆಯ ಕಂಬ
ತನ್ನಷ್ಟಕ್ಕೆ ತಿರುಗುತ್ತಿತ್ತು,
ಯಾರು ಬರಲಿ ಬಿಡಲಿ
ತಿರುಗುವುದು ಮರ್ಯಾದೆ ಎಂಬ ಹಾಗೆ.

ಕೂದಲೇನೂ ಬೆಳೆದಿರಲಿಲ್ಲ. ಚಳಿಯಿತ್ತು. ಒಳಗೆ ಹೋದೆ.

ಷಿಗೆಮತ್ಸು, ಎಂದರು ಮುದುಕರು, ಬೆರಳನ್ನು ತಮ್ಮ ಮೂಗಿಗೇ ತೋರಿಸಿಕೊಂಡು.
ನರಹರಿ, ಎಂದೆ.
ನಾರಾ... ಹಾರಿ?
ನಕ್ಕರು. ಗೂಟದ ಮೇಲಿನ ಟೊಪ್ಪಿಗೆ ಇಳಿಸಿ
ಅದರ ಅಂಚಿಗೆ ಸಿಕ್ಕಿಸಿದ ಮೀನುಗಾಳ ತೋರಿಸಿ
ಹಾರಿ, ಹಾರಿ, ಎಂದರು.
ಐವತ್ತಾರು ವರ್ಷ ಹೊತ್ತ ಹೆಸರಿನ ಬಾಲದಲ್ಲಿ
ಒಂದು ಕೊಕ್ಕೆಯಿದೆಯೆಂದು
ನಾಮಕರಣದ ದಿನ ಯಾರಿಗೆ ಗೊತ್ತಿತ್ತು!

ಕುರ್ಚಿ ಹಿಂದಕ್ಕೆ ಮಲಗಿತು.
ಬಿಸಿ ಟವೆಲ್ಲಿನ ಕತ್ತಲಲ್ಲಿ
ಬಟ್ಟಲೊಳಗೆ ಕುಂಚ ನೊರೆ ಕಡೆಯುವ ಸದ್ದು.
ಹಣೆ, ಕಿವಿಯ ಹಾಲೆ,
ಹುಬ್ಬುಗಳ ನಡುವಿನ ಬಯಲು,
ಎಲ್ಲ ಕಡೆ ನಿಧಾನವಾಗಿ ನಡೆಯಿತು ಕತ್ತಿ.
ನನ್ನ ಮುಖದಲ್ಲೇ ನಾನಿನ್ನೂ ಹೋಗಿರದ ಊರುಗಳು.

ಅವರು ಮಾತಾಡುತ್ತಲೇ ಇದ್ದರು.
ಬೊಂಡಾಸ್ ಮೀನು ಕಡಿಮೆಯಾದದ್ದಿರಬಹುದು,
ಹೆಂಡತಿಯ ಮಂಡಿನೋವಿರಬಹುದು,
ಆ ದನಿ ಎರಡಕ್ಕೂ ಹೊಂದುತ್ತಿತ್ತು.
ನಾನು ಹ್ಞೂಂ ಎಂದೆ.
ಅವರು ಉಂ ಎಂದು ಮುಂದುವರಿಸಿದರು.
ಹೂಂಗುಟ್ಟದಿದ್ದರೆ ಕಥೆ ಅಲ್ಲೇ ನಿಂತುಹೋಗುವ
ಮನೆಯಲ್ಲಿ ಬೆಳೆದವನು ನಾನು;
ಇಲ್ಲೂ ಅದೇ ಕಾನೂನು.
ಹ್ಞೂಂ. ಉಂ. ಹ್ಞೂಂ.
ಒಂದು ಪದವೂ ತಿಳಿಯದೆ
ಎಲ್ಲಕ್ಕೂ ಒಪ್ಪಿದೆ.

ಐದಕ್ಕೆ ಸರಿಯಾಗಿ
ಕಡಲಗೋಡೆಯ ಕಂಬದಿಂದ
ಯಾವುದೋ ಹಾಡಿನ ಧಾಟಿ, ತುಸು ಒಡಕಲು,
ಇಡೀ ಊರಿನ ಮೇಲೆ ಬಿತ್ತು.
ಕತ್ತಿ ನನ್ನ ಗಂಟಲ ಮೇಲೆ ನಿಂತಿತು.
ಮಾತೂ.
ಪ್ರಾರ್ಥನೆಯೆ? ಯಾರಾದರೂ ಹೋದರೆ?
ಆಡುವ ಮಕ್ಕಳನ್ನು ಮನೆಗಟ್ಟುವ ಗಂಟೆಯೆ?
ನಾನು ಉಗುಳು ನುಂಗಲಿಲ್ಲ.

ಕನ್ನಡಿಯಲ್ಲಿ ಅವರ ಎಡಗೈ:
ಕಡಲಗೋಡೆಯದು, ಒಂದು ಬೆರಳು ಮಡಿಚಿತು.
ಬಂದರಿನದು, ಅದೇ ಸ್ವರ ಒಂದು ಹೆಜ್ಜೆ ಹಿಂದೆ, ಎರಡು.
ಶಾಲೆಯ ಕಡೆಯದು, ಮೂರು.
ನಾಲ್ಕನೆಯ ಬೆರಳು ಕಾಯಿತು.
ಕಾಯಿತು.
ಗುಡ್ಡದಾಚೆಯಿಂದ, ಬೇರೆಯೇ ಹಾಡೆಂಬಷ್ಟು ತಡವಾಗಿ,
ಬಂತು ಅದೂ.
ಮಡಿಚಿಕೊಂಡಿತು ಬೆರಳು.

“ಕ್ಯೋ ಮೋ ನತ್ತಾ,” ಎಂದರು,
ನನಗಲ್ಲ.
ಕತ್ತಿಯ ತುದಿಯಿಂದ ಗೋಡೆ ತೋರಿಸಿದರು:
ಕನ್ನಡಿಯಿಂದ ಒಂದು ಗೇಣು ಮೇಲೆ
ನೀಲಿ ಬಣ್ಣದ ಗೆರೆ, ಪಕ್ಕದಲ್ಲಿ ಒಂದು ತಾರೀಖು.
ಗೆರೆಯ ಕೆಳಗೆ ನಾವಿಬ್ಬರು,
ಕುರ್ಚಿ, ಬಟ್ಟಲು, ಟೊಪ್ಪಿಗೆ, ಗಡಿಯಾರ.
ಅಂಥದ್ದಕ್ಕೂ ಹ್ಞೂಂ ಎನ್ನಬಹುದೆ?
ಬಾಯಿ ಬರಲಿಲ್ಲ.
ಅವರು ಕಾಯಲೂ ಇಲ್ಲ, ಇನ್ನೊಂದು ಕಿವಿಗೆ ಹೋದರು.

ತಲೆ ಕತ್ತರಿಸಲೇ ಇಲ್ಲವೆಂದು
ಅರ್ಧ ದುಡ್ಡು ವಾಪಸು ಕೊಟ್ಟರು.
ಬಾಗಿಲ ತನಕ ಬಂದು, ಗಾಳಿಯಲ್ಲಿ
ಕಂಬದ ಜೊತೆ ನಿಂತರು.

ಆರು ಹತ್ತರ ರೈಲಿನಲ್ಲಿ ಒಬ್ಬ ಶಾಲೆ ಹುಡುಗ,
ಮಡಿಲಲ್ಲಿ ಬೇಸ್‌ಬಾಲ್ ಕೈಗವಸು, ಬಾಯಿ ತೆರೆದು ನಿದ್ದೆ.
ಹೊಸ ಕಿವಿಗಳಿಗೆ ಚಳಿ ಹತ್ತುತ್ತಿತ್ತು.
ಆ ಮಾತನ್ನು ಫೋನಿಗೆ ಹೇಳಿ, ಮೂರು ಸಲ ತಪ್ಪು ಉಚ್ಚರಿಸಿ,
ಅರ್ಥ ಕೇಳಿದೆ.
ಇವತ್ತೂ ಮೊಳಗಿತು, ಎಂದಿತು.

ಹ್ಞೂಂ, ಎಂದೆ ಕಿಟಕಿಗೆ, ಹೊರಗಿನ ಕಪ್ಪಿಗೆ.
ಉಂ, ಎಂದ ಹುಡುಗ
ನಿದ್ದೆಯಲ್ಲೇ.