ಪಾಸಣಿ ಕೇಂದ್ರ

ನೌಬಾದಿನ ಬೇವಿನ ಗಿಡದ ಬುಡಕ ನನ್ನ ವ್ಯಾನು,
ಗಾಲಿಗೆ ಕಲ್ಲು ಕೊಟ್ಟು ಒಂಬತ್ತು ವರ್ಷ.
ಹೊಗಿ ತಪಾಸಣಿ ಕೇಂದ್ರ ಅಂತ ಬರಸಿದ್ದೆ,
'ತ'ದ ಬಣ್ಣ ಉದುರಿ
ಈಗ ಪಾಸಣಿ ಕೇಂದ್ರ.

ಗಾಡಿ ಬರ್ತದ. ರೇಸ್ ಮಾಡ್ರಿ ಅಂತೀನಿ.
ಸೈಲೆನ್ಸರಿನ ಬಾಯಾಗ ನಳಿಗಿ ಇಡ್ತೀನಿ.
ಮಶೀನಿನೊಳಗ ಒಂದು ದೀಪ, ಎದುರಿಗೊಂದು ಕಣ್ಣು,
ನಡುವ ಹೊಗಿ ಹಾಯ್ತದ.
ಎಷ್ಟು ಬೆಳಕು ದಾರಿ ತಪ್ತದೋ ಅಷ್ಟು ತಪ್ಪು.
ಕರಿದು ಕಂಡ್ರ ಫೇಲು, ಕಾಣದಿದ್ರ ಪಾಸು.

ಗ್ವಾಡಿ ಆಚಿ ತಮ್ಮ ಪ್ರಭುದಾಸನ ಗ್ಯಾರೇಜು.
ಅವನ ಕಡಿ ಬರೋರ ಮಾತು ಬ್ಯಾರೆ:
'ಪಿಕಪ್ ಇಲ್ಲೋ ಮಾರಾಯ, ಭಾಲ್ಕಿ ರೋಡಿನ ಏರಿಗೆ ಕೆಮ್ತದ.'
ಬಾನೆಟ್ ಎತ್ತಿ ಅವ ಈಜಿಆರ್ ವಾಲ್ವ್ ಬಿಚ್ತಾನ.
ಒಳಗ ಕಾಡಿಗಿ, ಎಣ್ಣಿ ಕುಡದು ಹೆಪ್ಪಾದ ಕಾಡಿಗಿ,
ರೊಟ್ಟಿ ಹಂಚಿನ ಬುಡದಂಗ.
ತೊಳೆಯಲಿಕ್ಕ ಅರ್ಧ ದಿನ, ಅದಕ್ಕ ಕೂಲಿ ಕೊಡೋರಿಲ್ಲ.
ಹಳೇ ಪರಾತದ್ದೊಂದು ತಗಡು,
ಎರಡು ತೂತು, ಎರಡು ಬೋಲ್ಟು, ಮುನ್ನೂರು ರೂಪಾಯಿ.
ದಾರಿ ಬಂದ್.
ಇಂಜಿನ್ನು ಇನ್ನ ತನ್ನ ಉಸಿರು ತಾ ನುಂಗಬೇಕಿಲ್ಲ.
ಮೀಟರಿನ್ಯಾಗ ಹಳದಿ ದೀಪ ಹತ್ತಿದ್ರ
ಅದರ ಮ್ಯಾಲ ಒಂದು ಚೂರು ಟೇಪು.

ಯಾಕ ನುಂಗಬೇಕಿತ್ತು ಅಂತ ತಿಳದದ್ದು
ಕಲಬುರಗಿಗೆ ಟ್ರೇನಿಂಗಿಗೆ ಕರದಾಗ.
ಕನ್ನಡಕದ ಹುಡುಗ ಬೋರ್ಡಿನ ಮ್ಯಾಲ ಬರದ:
ಗಾಳಿಯಾಗ ಮುಕ್ಕಾಲಿಗೂ ಮಿಕ್ಕಿ ನೈಟ್ರೋಜನ್ನು.
ಬರ್ತದ, ಹೋಗ್ತದ,
ಯಾರ ಮನಿ ಜಗಳಕ್ಕೂ ನಿಲ್ಲೋದಿಲ್ಲ ಪಾಪ.
ಬೆಂಕಿ ಅತೀ ಆತಂದ್ರ ಮಾತ್ರ ಅದಕ್ಕೂ ಕೆರಳ್ತದ.
ಅದಕ್ಕೇ ಸುಟ್ಟ ಗಾಳಿ ಒಂದಿಷ್ಟು ತಿರುಗಿ ಒಳಗ ಬಿಡೋದು,
ಉಕ್ಕೋ ಎಸರಿಗೆ ತಣ್ಣೀರು ಚಿಮುಕಿಸಿದಂಗ.
ಆ ದಾರಿ ಮುಚ್ಚಿದ್ರ
ಕರಿ ಹೊಗಿ ಕಡಿಮಿ, ಕಾಣದ ವಿಷ ಹೆಚ್ಚು.
ಹಿಂದಿನ ಬೆಂಚಿನಿಂದ ಕೇಳಿದೆ:
ಕಾಣದ್ದು ಅಳಿಯೋ ಮಶೀನು ನಮಗ ಯಾವಾಗ ಕೊಡ್ತೀರಿ ಸರ್?
ಚಹಾ ಬಂತು ಅಂದ.

ಮೊನ್ನೆ ಮಾಣಿಕರಾವರ ಕಾರು.
ಮುಂಜಾನೆ ಒಂದು ಪಾಯಿಂಟ್ ಎಂಟು, ಫೇಲು.
ಗ್ವಾಡಿ ಸುತ್ತಿ ಮಧ್ಯಾಹ್ನಕ್ಕ ಮತ್ತ ಬಂತು,
ಸೊನ್ನೆ ಪಾಯಿಂಟ್ ಆರು.
'ನೋಡ್ರಿ ಮೇಡಂ, ತಮ್ಮನ ಕೈಗುಣ!'
ಪ್ರಿಂಟರ್ ಕಿರಕಿರ ಅಂದು ಚೀಟಿ ಉಗುಳ್ತು.
ಸಹಿ ನಂದೇ.

ಸಂಜಿಗೆ ಸುರಂಗ ಬಾವಿ ಕಡಿ ನಡದೆ.
ಕೆಂಪು ಕಲ್ಲು ಕೊರದು ನೆಲದಡಿ ನೀರು ನಡಸಿದವರು
ನಡುನಡುವ ಬಾಯಿ ಬಿಟ್ಟಾರ, ಉಸಿರಿಗಂತ.
ಒಂದಕ್ಕ ಬಗ್ಗಿ ಮಾರಿ ಒಡ್ಡಿದೆ.
ತಂಪು, ಪಾಚಿ ವಾಸನಿ, ಪಾರಿವಾಳದ ಗುಟುರು.
ಎದ್ದು ನಿಂತ್ರ ರಿಂಗ್ ರೋಡಿನ ಗಾಳಿ,
ತೊಳದಿಟ್ಟ ಗಾಜಿನಂಗ ಸ್ವಚ್ಛ.
ಮೂಗಿನ ಬುಡಕ ಮಾತ್ರ ಒಂದು ಚುರುಕು.

ಬೈಬೇಕಂತಲೇ ಗ್ಯಾರೇಜಿಗೆ ಬಂದೆ.
ಪ್ರಭುದಾಸ ಕುಕ್ಕರಗಾಲಿಲೆ ಕೂತು
ಡೀಸೆಲ್ಲಿನ್ಯಾಗ ಕೈ ತೊಳ್ಕೋತಿದ್ದ,
ಉಗುರಿನ ಸಂದಿ ಕರಿ ಹೋಗವಲ್ದು.
'ಅಕ್ಕಾ, ವಾಲ್ವ್ ತೊಳದು ಕೊಟ್ರ ಎಷ್ಟು ತಗೋಬೇಕಂತಿ?'
ನಾ ಬಾಯಿ ತೆಗಿಯೋಕ್ಕಿಂತ ಮೊದಲೇ ಕೇಳಿದ.
ಚೀಟಿ ಹಿಂಬದಿಗೆ ಲೆಕ್ಕ ಹಾಕಿದೆವು, ಎರಡು ಸಲ.
ಕೂಡಲಿಲ್ಲ.
ಏಳೋವಾಗ ಒಂದು ತಗಡು ಕೊಟ್ಟ, ತೂತು ತಪ್ಪಿದ್ದು.
ಪಾಸಿನ ಚೀಟಿ ಗಾಳಿಗೆ ಹಾರ್ತಾವಂತ
ಅದನ್ನೇ ಮ್ಯಾಲ ಇಟ್ಟೀನಿ.