ಗುಂಡಿಯ ವಿಚಾರಣೆ

ಪ್ರಮಾಣ ಮಾಡಿಸಿದರು. ಹೆಸರು ಕೇಳಿದರು.
ಖೈರುನ್ನಿಸಾ, ಬುಡನ್ ಮೇಸ್ತ್ರಿ ಮಗಳು, ಬಾಣಾವರ.
ವಯಸ್ಸು? ಅರವತ್ತಾರೋ ಅರವತ್ತೇಳೋ, ಸ್ವಾಮಿ,
ಸರ್ಕಾರ ಬಸ್ಸು ಹಿಡಿದುಕೊಂಡ ವರ್ಷ ನನಗೆ ಒಂಬತ್ತು.
‘ಹಿಡಿದುಕೊಂಡ’ ಅನ್ನಬೇಡಿ, ಎಂದರು ನಿಗಮದ ವಕೀಲರು,
‘ವಹಿಸಿಕೊಂಡ’ ಅನ್ನಿ.
ಗುಮಾಸ್ತ ಒಂದನ್ನು ಹೊಡೆದು ಇನ್ನೊಂದು ಬರೆದ.

ಅರಸೀಕೆರೆ, ಬಿ.ಎಚ್. ರಸ್ತೆ, ತಗಡಿನ ಶೆಡ್ಡು,
ಜೇನುಕಲ್ ಮೋಟಾರ್ ಸರ್ವಿಸ್.
ಹನ್ನೊಂದು ಬಸ್ಸು, ಅದರಲ್ಲಿ ಎರಡು ಓಡುತ್ತಿರಲಿಲ್ಲ.
ಪಟ್ಟಿ ಮಾಡಲು ಬಂದವರು ಹಗಲೂ ರಾತ್ರಿ ಬರೆದರು:
ಟೈರು, ಜಾಕು, ಗೋಡೆ ಗಡಿಯಾರ, ಹಾರ್ನಿನ ರಬ್ಬರ್ ಬುರುಡೆ,
ಟಿಕೆಟ್ಟಿಗೆ ತೂತು ಹಾಕುವ ಕತ್ತರಿ ಏಳು.
ಅಪ್ಪ ಚಹಾ ಕುಡಿಯುವ ಲೋಟವನ್ನೂ ಬರೆದು
ಆಮೇಲೆ, ಪಾಪ, ಹೊಡೆದುಹಾಕಿದರು.
ಗುಂಡಿಯನ್ನು ಮಾತ್ರ ಯಾರೂ ಬರೆಯಲಿಲ್ಲ.
ಇಲ್ಲದ ಮಣ್ಣನ್ನು ಯಾವ ಕಲಮಿನಲ್ಲಿ ಬರೆಯುವುದು?

ಅದಕ್ಕೇ ಈಗ ವ್ಯಾಜ್ಯ.
ಯಜಮಾನರ ಮೊಮ್ಮಕ್ಕಳು, ಮೂರು ಮನೆಯವರು,
ತಮ್ಮತಮ್ಮಲ್ಲೇ ಎರಡು ದಾವೆ ಇದ್ದರೂ
ಇಲ್ಲಿ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತಿದ್ದಾರೆ:
ಬಸ್ಸು ಹೋಯಿತು, ರೂಟು ಹೋಯಿತು, ನೆಲ ಹೋಗಿಲ್ಲ.
ನಿಗಮದವರು: ಗುಂಡಿಯಿಲ್ಲದೆ ರಿಪೇರಿಯಿಲ್ಲ,
ರಿಪೇರಿಯಿಲ್ಲದೆ ಬಸ್ಸಿಲ್ಲ,
ದನ ಕೊಂಡವನು ಬಾಲ ಬಿಟ್ಟುಬರುತ್ತಾನೆಯೇ?
ಪೀಠದಲ್ಲಿದ್ದವರು ನಕ್ಕರು. ನನ್ನ ಕಿರಿಮಗಳ ವಯಸ್ಸು ಅವರಿಗೆ.
ಈ ನಡುವೆ ಹೆದ್ದಾರಿ ಅಗಲವಾಗಿದೆ.
ಅಡಿಗೆ ಇಷ್ಟು ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

ಉದ್ದ ಎಷ್ಟಿತ್ತು?
ಅಪ್ಪ ಮೂರು ಸಲ ಮಲಗಿದಷ್ಟು.
ಆಳ?
ಅಪ್ಪ ನಿಂತರೆ ತಲೆಗೆ ಸುತ್ತಿದ ಟವೆಲ್ಲು ಮಾತ್ರ ಕಾಣುವಷ್ಟು.
‘ಸುಮಾರು ಹದಿನೇಳು ಅಡಿ, ಸುಮಾರು ಐದು ಅಡಿ.’
ಅಗೆದವರು ಯಾರು?
ಅಪ್ಪ, ಮತ್ತೆ ಕಲ್ಲು ಒಡೆಯುವ ಎಲ್ಲಪ್ಪ.
ಯಾರ ದುಡ್ಡಿನಲ್ಲಿ?
ಯಜಮಾನರ ಮನೆಯಿಂದ ಮಧ್ಯಾಹ್ನ ಮುದ್ದೆ ಬರುತ್ತಿತ್ತು,
ಅವರೆಕಾಳಿನ ಸಾರು.
ಸಾರನ್ನು ಗುಮಾಸ್ತ ಬರೆದುಕೊಳ್ಳಲಿಲ್ಲ.

ಕೇಳದಿದ್ದರೂ ಹೇಳಿದೆ:
ಗುಂಡಿಯ ಗೋಡೆಯಲ್ಲಿ ಒಂದು ಗೂಡಿದೆ, ಬುಡ್ಡಿದೀಪಕ್ಕೆ.
ನನ್ನ ಕೈ ಎಟುಕುವ ಎತ್ತರಕ್ಕೇ ಅಪ್ಪ ಕೊರೆದದ್ದು.
ಎತ್ತು, ಇಳಿಸು, ಆ ಕಡೆ, ಎನ್ನುತ್ತಿದ್ದ
ಬಸ್ಸಿನ ಹೊಟ್ಟೆಯಿಂದ ಕಣ್ಣು ತೆಗೆಯದೆ.
ನನ್ನ ಬೈತಲೆಗೆ ಎಣ್ಣೆ ತೊಟ್ಟಿಕ್ಕಿದ ರಾತ್ರಿ
ಅಮ್ಮನ ಬೈಗುಳ ಅವನಿಗೆ.

‘ಪ್ರಸ್ತುತವಲ್ಲ.’

ವಹಿಸಿಕೊಂಡ ಮಾರನೆಯ ದಿನ ಅಪ್ಪನ ಕೈಗೇ ಬ್ರಶ್ಶು ಕೊಟ್ಟರು,
ಹಳದಿ ಜೇನುಕಲ್ಲಿನ ಮೇಲೆ ಕೆಂಪು ಬಳಿ ಎಂದು.
ಬಳಿದ. ‘ಜೇ’ ಮಾತ್ರ ಒಂದು ಮಳೆಗಾಲ ಇಣುಕುತ್ತಿತ್ತು.
ಖಾಕಿ ಬಂತು, ನಂಬರು ಬಂತು, ಒಂದನೇ ತಾರೀಕಿಗೆ ಸಂಬಳ ಬಂತು.
ಸುಳ್ಳು ಹೇಳಬಾರದು, ಚೆನ್ನಾಗಿಯೇ ನೋಡಿಕೊಂಡರು.
ನಿವೃತ್ತಿಯ ದಿನ ಲೆಕ್ಕ ತೆಗೆದು ಹೇಳಿದರು:
ಜೇನುಕಲ್ಲಿನ ಹದಿನಾಲ್ಕು ವರ್ಷ ನಮ್ಮದಲ್ಲ,
ಹಳೆಯ ಮಾಲೀಕರನ್ನು ಕೇಳಿ.
ಮಾಲೀಕರು ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು:
ಎಲ್ಲ ಸರ್ಕಾರಕ್ಕೆ ಕೊಟ್ಟೆವಲ್ಲ ಬುಡನ್,
ಅದೂ ಅದರಲ್ಲೇ ಹೋಯಿತು.
ಯಾವ ಪಟ್ಟಿಯಲ್ಲಿ ಎಂದು ಅಪ್ಪ ಕೇಳಲಿಲ್ಲ.
ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದ.

ತಾಯಿ, ಒಂದು ಗುಂಡಿಗೆ ಇಷ್ಟು ಜನ ಒಡೆಯರು,
ಆ ಹದಿನಾಲ್ಕು ವರ್ಷ,
ಎಂದು ಶುರುಮಾಡಿದೆ.
ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಎಂದರು ಎರಡೂ ಕಡೆಯ ವಕೀಲರು,
ಅಂದು ಅವರು ಒಪ್ಪಿದ ಮಾತು ಅದೊಂದೇ.

ಹೇಳಿಕೆ ಓದಿ ಹೇಳಿದರು. ಸಹಿ ಹಾಕಿದೆ,
ಬಸ್ಸಿನ ಬೋರ್ಡು ತೋರಿಸಿ ಅಪ್ಪ ಕಲಿಸಿದ ಅಕ್ಷರದಲ್ಲಿ.
ಸಾಕ್ಷಿಬತ್ಯೆ ಎಣಿಸಿ ಕೊಟ್ಟರು, ಬಸ್ ಚಾರ್ಜಿಗೆಂದು.
ಹೆಂಗಸರಿಗೆ ಈಗ ಚಾರ್ಜೇ ಇಲ್ಲ.
ಕಂಡಕ್ಟರ್ ಹುಡುಗ ಚೀಟಿ ಹರಿದು ಕೈಗಿಟ್ಟ:
ಅರಸೀಕೆರೆ, ಬಾಣಾವರ, ಸೊನ್ನೆ.

ಶೆಡ್ಡು ಹಾದಾಗ ಎದ್ದುನಿಂತು ನೋಡಿದೆ.
ತಗಡು ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ.
ನಿನ್ನೆಯ ಮಳೆಗೆ ಗುಂಡಿ ತುಂಬಿದೆ,
ಗೂಡು ಮುಳುಗಿತ್ತೋ ಇಲ್ಲವೋ, ಅಷ್ಟರಲ್ಲಿ ಬಸ್ಸು ಮುಂದಾಯಿತು.
ಎರಡನೇ ಗೇರು ಗರಗರ ಅನ್ನುತ್ತಿತ್ತು.
ಯಾರಾದರೂ ಕೆಳಗಿಳಿದು ನೋಡಬೇಕು ಅದನ್ನ.